ಹನೂರಿನ ಫಿಯಟ್ಟು: ಹಳೇ ಕಾರಲ್ಲಿ ‘ಒರಿಜಿನಲ್’ ಅಂದ್ರೆ ಯಾವುದು?

ಇವತ್ತಿನ ಎಪಿಸೋಡ್ ಶುರು ಮಾಡೋಕೆ ಮುಂಚೆ ಒಂದು ಸಣ್ಣ ಲೆಕ್ಕ ಹೇಳ್ತೀನಿ.

ನಾನು ಬಿಕಾಂ ಓದಿದವನು. ಆದಾಯ ತೆರಿಗೆ ಲೆಕ್ಕದಲ್ಲಿ ಕಾರಿಗೆ ವರ್ಷಕ್ಕೆ ಶೇ 15ರಷ್ಟು ಸವಕಳಿ ಹಾಕ್ತಾರೆ. ಉಳಿದ ಮೊತ್ತದ ಮೇಲೆ ಮುಂದಿನ ವರ್ಷ ಮತ್ತೆ ಶೇ 15. ಹೀಗೆ ಒಂದು ಲಕ್ಷದ ಕಾರಿಗೆ 50 ವರ್ಷ ಸವಕಳಿ ಕಳೀತಾ ಬಂದ್ರೆ ಕೊನೆಗೆ ಪುಸ್ತಕದಲ್ಲಿ ಉಳಿಯೋದು ಸುಮಾರು 30 ರೂಪಾಯಿ. ಒಂದು ಮಸಾಲೆ ದೋಸೆಗೂ ಸಾಲಲ್ಲ. ಈಗ ಇನ್ನೊಂದು ಲೆಕ್ಕ. ಅದೇ 50 ವರ್ಷದ ಕಾರನ್ನು ‘ವಿಂಟೇಜ್’ ಅಂತ ಹೊಸದಾಗಿ ನೋಂದಣಿ ಮಾಡಿಸೋಕೆ ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ ಶುಲ್ಕ 20 ಸಾವಿರ ರೂಪಾಯಿ!

ಪುಸ್ತಕದಲ್ಲಿ 30 ರೂಪಾಯಿ ಇರೋ ಗಾಡಿಗೆ 20 ಸಾವಿರ ಯಾಕೆ ಕಟ್ಟಬೇಕು? ಈ ಪ್ರಶ್ನೆ ನಮ್ಮ ಮನೆಗೇ ಬಂತು. ಹನೂರಲ್ಲಿರೋ ನಮ್ಮ ದೊಡ್ಡಪ್ಪನ ಫಿಯಟ್ಟಿಗೆ 2024ಕ್ಕೆ 50 ತುಂಬಿತು. ಅದನ್ನ ರಿಪೇರಿ ಮಾಡಿಸೋಕೆ ಹೊರಟ ನಾನು, ನಮ್ಮ ಸೀಮೆ ಇತಿಹಾಸದೊಳಗೆ ಹೋಗಿ ಸಿಕ್ಕಿಹಾಕ್ಕೊಂಡೆ. ಆ ಕಥೆ ಇವತ್ತಿಂದು.

ಮೈಸೂರಿಗೆ ಬರಬೇಕಿದ್ದ ಕಾರು

ನಾವೆಲ್ಲ ಅದನ್ನ ಫಿಯಟ್ ಅಂತೀವಿ. ಆರ್‌ಸಿ ಪುಸ್ತಕದಲ್ಲಿ ಇರೋದು ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯಟ್ 1100 ಕಾರನ್ನ ಮುಂಬೈನ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ತಯಾರಿಸ್ತಿತ್ತು. 1964ರಲ್ಲಿ ಈ ಮಾದರಿ ಬಂತು, ಆಮೇಲೆ ಕೆಲ ಕಾಲ ಪ್ರೆಸಿಡೆಂಟ್ ಅನ್ನೋ ಹೆಸರಿತ್ತು, 1974ರಲ್ಲಿ ಪದ್ಮಿನಿ ಆಯ್ತು. 1089 ಸಿಸಿ ಪೆಟ್ರೋಲ್ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರು. ಮುಂಬೈಯ ಕಪ್ಪು ಹಳದಿ ಟ್ಯಾಕ್ಸಿ ನೆನಪಿಸ್ಕೊಳ್ಳಿ, ಅದೇ ಇದು. ಆ ಟ್ಯಾಕ್ಸಿಗಳು 2023ರ ಅಕ್ಟೋಬರ್‌ನಲ್ಲಿ ರಸ್ತೆಯಿಂದ ಇಳಿದವು.

ಈ ಕಾರಿಗೂ ನಮ್ಮ ಮೈಸೂರಿಗೂ ಏನು ಸಂಬಂಧ ಅಂತೀರಾ? ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಲ್ಲಿ, ಯುರೋಪ್ ಮತ್ತು ಅಮೆರಿಕ ಸುತ್ತಿ ಅಲ್ಲಿನ ಮೋಟಾರು ಕಾರ್ಖಾನೆಗಳನ್ನ ನೋಡಿ ಬಂದ್ರು. ಭಾರತದಲ್ಲೇ ಕಾರು ತಯಾರಾಗಬೇಕು ಅಂತ ಯೋಜನೆ ಬರೆದ್ರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಕೈಜೋಡಿಸಿದ್ರು. ಮೈಸೂರು ಸಂಸ್ಥಾನ ಬೆಂಬಲ ಕೊಡೋಕೆ ಮುಂದೆ ಬಂತು. ಆದ್ರೆ ಅದು ಎರಡನೇ ಮಹಾಯುದ್ಧದ ಕಾಲ, ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಅದೇ ವಾಲ್‌ಚಂದ್ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಲ್ಲಿ ವಿಮಾನ ಕಾರ್ಖಾನೆ ಶುರು ಮಾಡಿದ್ರು, ಅದೇ ಇಂದಿನ ಎಚ್‌ಎಎಲ್. ವಿಮಾನ ಬಂತು, ಕಾರು ಬರಲಿಲ್ಲ. 1944ರಲ್ಲಿ ಪ್ರೀಮಿಯರ್ ಕಂಪನಿ ಮುಂಬೈಯಲ್ಲಿ ಹುಟ್ಟಿತು. ಒಂದು ಸಹಿ ಬಿದ್ದಿದ್ರೆ ನಮ್ಮ ದೊಡ್ಡಪ್ಪನ ಕಾರು ಮೈಸೂರು ಸೀಮೆಯಲ್ಲೇ ತಯಾರಾಗಿರ್ತಿತ್ತೋ ಏನೋ!

ಗಡಿಯಲ್ಲಿದ್ದ ಊರು

ಈಗ ಭೂಗೋಳ ಸ್ವಲ್ಪ ನೋಡೋಣ. ಹನೂರಿಂದ ಕೊಳ್ಳೇಗಾಲ ಇಪ್ಪತ್ತೈದು ಕಿಲೋಮೀಟರ್ ಆಸುಪಾಸು. ಅಲ್ಲಿಂದ ಯಳಂದೂರು ಹದಿನೈದರ ಆಸುಪಾಸು. ಈಗ ಮೂರೂ ಚಾಮರಾಜನಗರ ಜಿಲ್ಲೆಯ ತಾಲ್ಲೂಕು, ಬೈಕಲ್ಲಿ ಒಂದು ಗಂಟೆ ದಾರಿ. ಆದ್ರೆ 1956ರ ನವೆಂಬರ್ 1ಕ್ಕೆ ಮುಂಚೆ ಕೊಳ್ಳೇಗಾಲ ಮತ್ತು ಅದರೊಳಗಿದ್ದ ಹನೂರು ಮೈಸೂರಿನದ್ದೇ ಅಲ್ಲ. ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆ! ಯಳಂದೂರು ಮಾತ್ರ ಮೈಸೂರು ಸೀಮೆ, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರು ಕೊಟ್ಟ ಊರು.

ಹಾಗಾಗಿ ನಮ್ಮ ಹಿರಿಯರಿಗೆ ಜಿಲ್ಲಾ ಕೇಂದ್ರ ಅಂದ್ರೆ ಘಾಟಿ ಇಳಿದು ಹೋಗಬೇಕಿದ್ದ ಕೊಯಮತ್ತೂರು. ಅದು ಮೋಟಾರಿನ ಊರು. ಜಿ.ಡಿ. ನಾಯ್ಡು ಅನ್ನೋರು 1920ರಲ್ಲಿ ಪೊಳ್ಳಾಚಿ ಪಳನಿ ನಡುವೆ ಒಂದೇ ಒಂದು ಬಸ್ಸು ಓಡಿಸಿ, ಮುಂದೆ ದೊಡ್ಡ ಬಸ್ ಕಂಪನಿ ಕಟ್ಟಿದ್ರು. ಅವರ ಹೆಸರಿನ ಕಾರು ಮ್ಯೂಸಿಯಂ ಇವತ್ತಿಗೂ ಅಲ್ಲಿದೆ. ಪಂಪು, ಎರಕ, ಲೇತ್ ಕೆಲಸಕ್ಕೆ ಆ ಊರು ಹೆಸರುವಾಸಿ. ರಾಜ್ಯ ಬದಲಾದ್ರೂ ನಮ್ಮ ಗ್ಯಾರೇಜುಗಳ ಕಣ್ಣು ಆ ಕಡೆ ಇದ್ದೇ ಇತ್ತು. ಸ್ಪೇರ್ ಸಿಗಲಿಲ್ಲ ಅಂದ್ರೆ ನಮ್ಮ ಮೇಸ್ತ್ರಿ ಇವತ್ತೂ ಮೊದಲು ಹೇಳೋದು, “ಮೈಸೂರಲ್ಲಿ ಕೇಳು, ಇಲ್ಲಾಂದ್ರೆ ಕೊಯಮತ್ತೂರು ಕಡೆ ಹೋಗು.”

ಎಂಜಿನ್ ಬದಲಾದ ಕಥೆ

ದೊಡ್ಡಪ್ಪ ಈ ಗಾಡೀನ ತಗೊಂಡಿದ್ದು 1981ರಲ್ಲಿ, ಸೆಕೆಂಡ್ ಹ್ಯಾಂಡ್. ಹೊಸ ಫಿಯಟ್ ಬೇಕು ಅಂದ್ರೆ ಆಗ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ದೇಶದಲ್ಲಿ ಕಾರು ಮಾಡೋ ಕಂಪನಿಗಳೇ ಎರಡು ಮೂರು, ಮಾರುತಿ ಬಂದಿದ್ದು 1983ರ ಡಿಸೆಂಬರ್‌ನಲ್ಲಿ. ಹಾಗಾಗಿ ಇದ್ದ ಗಾಡೀನ ಸಾಯೋಕೆ ಬಿಡೋ ಹಾಗಿರಲಿಲ್ಲ. ರಿಪೇರಿ ಅನ್ನೋದು ಆಗ ಹವ್ಯಾಸ ಅಲ್ಲ, ಅನಿವಾರ್ಯ.

ಹಿಂದಿನ ಸೀಟು ಕಳಚಿ ರೇಷ್ಮೆ ಗೂಡು ತುಂಬ್ಕೊಂಡು ಕೊಳ್ಳೇಗಾಲದ ಮಾರ್ಕೆಟ್ಟಿಗೆ ಹೋಗ್ತಿದ್ರಂತೆ. ಗೂಡು ಹಗುರ, ಜಾಗ ಜಾಸ್ತಿ ತಗೊಳ್ಳುತ್ತೆ. ದೀಪಾವಳಿ ಜಾತ್ರೆಗೆ ಅದೇ ಕಾರಲ್ಲಿ ಮನೆ ಮಂದಿಯೆಲ್ಲ ಮಲೆ ಮಹದೇಶ್ವರ ಬೆಟ್ಟಕ್ಕೆ. ತಾಳಬೆಟ್ಟದಿಂದ ಮೇಲಕ್ಕೆ ಹತ್ತುವಾಗ ಎಂಜಿನ್ ಕಾದು, ಪೈಪಲ್ಲೇ ಪೆಟ್ರೋಲ್ ಆವಿಯಾಗಿ ಗಾಡಿ ನಿಂತುಬಿಡೋದು. ಆಗ ಫ್ಯೂಯೆಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಒಂದು ಎಲೆ ಅಡಿಕೆ ಹಾಕ್ಕೊಳ್ಳೋವಷ್ಟು ಹೊತ್ತು ಕಾಯೋದು. ಆ ಕಾಲದ ಫಿಯಟ್, ಅಂಬಾಸಿಡರ್ ಓಡಿಸಿದವರಿಗೆಲ್ಲ ಈ ಒದ್ದೆ ಬಟ್ಟೆ ವೈದ್ಯ ಗೊತ್ತು.

1988ರಲ್ಲಿ ಹಾಗೆ ಬೆಟ್ಟ ಹತ್ತುವಾಗ ನೀರು ಖಾಲಿಯಾಗಿ ಎಂಜಿನ್ ಸೀಜ್ ಆಯ್ತು. ಬ್ಲಾಕೇ ಬಿರುಕು. ಆಗ ಕೊಳ್ಳೇಗಾಲದ ಮೇಸ್ತ್ರಿಯೊಬ್ಬರು ಪೆಟ್ರೋಲ್ ಎಂಜಿನ್ ಕಳಚಿ, ಗುಜರಿಯಿಂದ ತಂದ ಡೀಸೆಲ್ ಎಂಜಿನ್ ಕೂರಿಸಿದ್ರು. ಯಾಕೆ ಡೀಸೆಲ್? ಒಂದು, ಪೆಟ್ರೋಲಿಗಿಂತ ಬೆಲೆ ತುಂಬ ಕಮ್ಮಿ. ಎರಡು, ನಮ್ಮ ಕಡೆ ಪಂಪ್‌ಸೆಟ್ಟು, ಟ್ರ್ಯಾಕ್ಟರ್ ಬಿಚ್ಚಿ ಬಿಚ್ಚಿ ಮೇಸ್ತ್ರಿಗಳ ಕೈ ಡೀಸೆಲ್ಲಿಗೆ ಪಳಗಿತ್ತು. ಆಂಗ್ಲರ್ ಕತ್ತರಿಸಿ, ಬೆಸುಗೆ ಹಾಕಿ, ಎಂಜಿನ್ ಕೂರೋಕೆ ಅವರೇ ಮೌಂಟ್ ಮಾಡಿದ್ರು. ಆ ಮೌಂಟು ಯಾವ ಕಂಪನಿಯ ಕ್ಯಾಟಲಾಗಲ್ಲೂ ಇಲ್ಲ. ಎಂಜಿನ್ ಬದಲಾಗಿದ್ದು ಆರ್‌ಸಿ ಪುಸ್ತಕದಲ್ಲಿ ನಮೂದಾಗಿದೆ, ಸೀಲು ಬಿದ್ದಿದೆ. ಗಾಡಿ ಮತ್ತೆ ಹದಿನೇಳು ವರ್ಷ ಓಡಿತು. 2005ರಿಂದ ಹುಲ್ಲಿನ ಕೊಟ್ಟಿಗೆಯಲ್ಲಿ ನಿಂತಿತ್ತು.

ಕಾನೂನು ಏನು ಹೇಳುತ್ತೆ?

ನಾನು ಕೈ ಹಾಕಿದಾಗ ತಳ ಪೂರ್ತಿ ತುಕ್ಕು. ಫಿಯಟ್ಟಿಗೆ ಲಾರಿ ಥರ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಹಾಗಾಗಿ ತಳ ಹೋದ್ರೆ ಗಾಡಿನೇ ಹೋದ ಹಾಗೆ. ಯಳಂದೂರಿನ ಟಿಂಕರಿಂಗ್ ಅಣ್ಣ ಮೂರು ತಿಂಗಳು ತಗೊಂಡ್ರು. ಕೊಳೆತ ತಗಡು ಕತ್ತರಿಸಿ, ಹೊಸ ತಗಡು ಸುತ್ತಿಗೆಯಲ್ಲಿ ಬಡಿದು ಬಡಿದು ಆಕಾರಕ್ಕೆ ತಂದು ಬೆಸೆದ್ರು. ಬಣ್ಣ ಕೆರೆಯುವಾಗ ನೀಲಿ ಕೆಳಗೆ ಬಿಳಿ, ಬಿಳಿ ಕೆಳಗೆ ಹಸಿರು. ಭಾನುವಾರ ಬಸ್ಸು ಹತ್ತಿ ಹೋಗಿ ನಾನೂ ಕೈಯಲ್ಲಿ ಸ್ಯಾಂಡ್‌ಪೇಪರ್ ಹಿಡೀತಿದ್ದೆ.

ಎಂಜಿನ್ ಕೆಲಸ ಮಾಡಿದ್ದು ಕೊಳ್ಳೇಗಾಲದ ಅದೇ ಮೇಸ್ತ್ರಿ. 1988ರಲ್ಲಿ ಯುವಕ, ಈಗ ಎಪ್ಪತ್ತರ ಹತ್ರ. ನನಗೆ ಮಗ್ಗಿ ಹೇಳಿಕೊಟ್ಟ ಹಾಗೆ ಹೇಳಿಕೊಟ್ರು: “ಒಂದು, ಮೂರು, ನಾಕು, ಎರಡು. ನಾಕು ಸಿಲಿಂಡರ್ ಸಿಡಿಯೋ ಸಾಲು ಇದು. ಅದು ಪೆಟ್ರೋಲಲ್ಲೂ ಹಿಂಗೇ ಇತ್ತು, ಇದು ಡೀಸೆಲ್ಲಲ್ಲೂ ಹಿಂಗೇ ಅದೆ ಕಣಪ್ಪ.” ಅವರ ಹತ್ರ ಈಗ ಕೆಲಸ ಕಲಿಯೋ ಹುಡುಗರಿಲ್ಲ. ಇಂಜೆಕ್ಟರ್ ಶಬ್ದ ಕೇಳೇ ಯಾವುದು ಕೆಟ್ಟಿದೆ ಅಂತ ಹೇಳೋ ಕಿವಿ ಅದು. ಸ್ಕ್ಯಾನರ್ ಹಾಕೋಕೆ ಈ ಗಾಡಿಯಲ್ಲಿ ಜಾಗವೇ ಇಲ್ವಲ್ಲ.

ಆಮೇಲೆ ವಿಂಟೇಜ್ ನಿಯಮ ಓದಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಸರಿ. ‘ವಿಎ’ ಅಕ್ಷರ ಇರೋ ನಂಬರ್ ಸಿಗುತ್ತೆ, ಅಥವಾ ಹಳೇ ನಂಬರ್ರೇ ಉಳಿಸ್ಕೋಬಹುದು. ನಮ್ಮ ಗಾಡಿಯ ‘ಎಂವೈ’ ನಂಬರ್, ಮೈಸೂರು ರಾಜ್ಯದ ಗುರುತು, ಹೋಗಲ್ಲ. ನೋಂದಣಿ ಹತ್ತು ವರ್ಷಕ್ಕೆ. ಇಲ್ಲಿವರೆಗೆ ಖುಷಿಯಾಯ್ತು.

ಮುಂದಿನ ಸಾಲು ಓದಿದೆ. ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ ಯಾವುದರಲ್ಲೂ ದೊಡ್ಡ ಮಾರ್ಪಾಡು ಆಗಿರಬಾರದು. ಇನ್ನೊಂದು, ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸೋ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ಹಾಕಿಸೋದು, ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು.

ಒಬ್ಬರು ಹಳೇ ಪೆಟ್ರೋಲ್ ಎಂಜಿನ್ ಇದೆ, ಕೊಡ್ತೀನಿ ಅಂದ್ರು. ಅದನ್ನ ಕೂರಿಸಿದ್ರೆ ನೋಡೋಕೆ ‘ಒರಿಜಿನಲ್’. ಒಂದು ವಾರ ನಿದ್ದೆ ಬರಲಿಲ್ಲ. ದೊಡ್ಡಪ್ಪನ ಕೇಳಿದೆ. ಅವರು ಹಗ್ಗದ ಮಂಚದ ಮೇಲೆ ಕೂತೇ ಹೇಳಿದ್ರು: “ಬುಡು ಮಗಾ. ಅವತ್ತು ಎಂಜಿನ್ ಬದ್ಲಾಯಿಸ್ದೇ ಇದ್ದಿದ್ರೆ ಇವತ್ತು ಗಾಡೀನೇ ಇರ್ತಿರ್ನಿಲ್ಲ. ಆಮೇಲೆ ನೀನು ಯಾವುದ್ಕೆ ಒರಿಜಿನಲ್ ಎಂಜಿನ್ ಹಾಕ್ತಿದ್ದೆ?”

ಆ ಮಾತು ನನ್ನ ಎಲ್ಲ ಲೆಕ್ಕ ತಲೆಕೆಳಗು ಮಾಡ್ತು. ಶ್ರೀರಂಗಪಟ್ಟಣದ ಹತ್ರ ‘ಪಯಣ’ ಮ್ಯೂಸಿಯಂ ಇದೆ, ಧರ್ಮಸ್ಥಳದಲ್ಲಿ ಮಂಜೂಷಾ ಇದೆ. ಅಲ್ಲಿನ ಕಾರುಗಳನ್ನ ನೋಡಿ, ನಿಜವಾಗ್ಲೂ ಕಣ್ಣಿಗೆ ಹಬ್ಬ. ಜೋಪಾನ ಮಾಡೋಕೆ ಹಣ, ಶೆಡ್ಡು, ಆಳು ಇದ್ದ ಕಡೆ ಕಾರು ಮೂಲ ರೂಪದಲ್ಲೇ ಉಳಿಯುತ್ತೆ. ಆ ನಿಯಮ ಬರೆದೋರ ತಪ್ಪು ಅಂತ ನಾನು ಹೇಳ್ತಿಲ್ಲ, ಇಲ್ಲಾಂದ್ರೆ ಯಾವುದೋ ಡಬ್ಬಕ್ಕೆ ವಿಂಟೇಜ್ ಬೋರ್ಡು ಹಾಕ್ಕೊಂಡು ಓಡಾಡೋರು ಇರ್ತಾರೆ. ಆದ್ರೆ ಹನೂರಿನಂಥ ಊರಲ್ಲಿ ಕಾರು ಉಳಿದಿದ್ದೇ ಬದಲಾಗಿ ಬದಲಾಗಿ. ಆ ಡೀಸೆಲ್ ಎಂಜಿನ್ನು, ಆ ಕೈಕೆಲಸದ ಮೌಂಟು, ಸೀಟಿಲ್ಲದ ಹಿಂಭಾಗ, ಇವೇ ನಮ್ಮ ಕಡೆಯ ಇತಿಹಾಸ. ಅದನ್ನ ಕಿತ್ತು ಹಾಕಿ ಕಾರನ್ನ 1974ಕ್ಕೆ ವಾಪಸ್ ಕಳಿಸಿದ್ರೆ, ಮಧ್ಯದ ಐವತ್ತು ವರ್ಷ ಮತ್ತು ಆ ಮೇಸ್ತ್ರಿಯ ಕೆಲಸ ಎರಡನ್ನೂ ನಾನೇ ಅಳಿಸಿದ ಹಾಗೆ.

ಹಾಗಾಗಿ ತೀರ್ಮಾನ ಮಾಡಿದೆ. ವಿಂಟೇಜ್ ಬೇಡ. ಎಲ್ಲ ಹಳೇ ಗಾಡಿಗಳ ಹಾಗೆ ಫಿಟ್ನೆಸ್ ಪರೀಕ್ಷೆ ಮಾಡಿಸಿ ಸಾಮಾನ್ಯ ಮರುನೋಂದಣಿಗೇ ಹೋಗೋದು, ಅದು ಐದು ವರ್ಷಕ್ಕೊಮ್ಮೆ. ಫಿಟ್ನೆಸ್ ಸಿಗದೇ ಇದ್ರೆ? ಆ ಭಯ ಇದೆ. ಹೊಗೆ ಪರೀಕ್ಷೆ ಇನ್ನೂ ಬಾಕಿ. ಪಾಸಾದ್ರೆ ಬರೋ ದೀಪಾವಳಿಗೆ ದೊಡ್ಡಪ್ಪನ್ನ ಮುಂದಿನ ಸೀಟಲ್ಲಿ ಕೂರಿಸ್ಕೊಂಡು ಮಾದಪ್ಪನ ಬೆಟ್ಟಕ್ಕೆ ಹೋಗ್ತೀನಿ. ಒದ್ದೆ ಬಟ್ಟೆ ಬೇಕಾಗಲ್ಲ, ಆದ್ರೂ ಒಂದು ಇಟ್ಕೊಂಡಿರ್ತೀನಿ.

ನಿಮಗೆ ಒಂದೇ ಕೆಲಸ ಹೇಳ್ತೀನಿ. ನಿಮ್ಮ ಮನೆಯಲ್ಲೂ ಹಳೇ ಕಾರೋ, ಜೀಪೋ, ಸ್ಕೂಟರೋ ಇದ್ರೆ ಗುಜರಿಗೆ ಹಾಕೋ ಮುಂಚೆ ಅದರ ಆರ್‌ಸಿ ಪುಸ್ತಕದ ಪ್ರತಿ ಪುಟದ ಫೋಟೊ ತೆಗೆದಿಡಿ. ಮಾಲೀಕರ ಹೆಸರು, ಊರು, ಸೀಲು ಎಲ್ಲ ಅದರಲ್ಲಿರುತ್ತೆ. ಆಮೇಲೆ ಅದನ್ನ ರಿಪೇರಿ ಮಾಡಿದ ಮೇಸ್ತ್ರಿ ಇದ್ದಾರಾ ಹುಡುಕಿ. ಫೋನಲ್ಲಿ ರೆಕಾರ್ಡರ್ ಆನ್ ಮಾಡಿ ಮಾತಾಡಿಸಿ. ಕಾರಿನ ಪಾರ್ಟು ಕೊಯಮತ್ತೂರಲ್ಲಾದ್ರೂ ಸಿಕ್ಕೀತು, ಅವರ ಮಾತು ಇನ್ನೆಲ್ಲೂ ಸಿಗಲ್ಲ.

ಮುಂದಿನ ಎಪಿಸೋಡಲ್ಲಿ ಸಿಗೋಣ. ನಮಸ್ಕಾರ.