ನಾಯಿಗೆ ಸೂಪರ್‌ಹೀರೋ ಹೆಸರು: ಕರೆದರೆ ಬರುತ್ತದೆಯೇ?

ಮನೆಗೆ ನಾಯಿಮರಿ ಬಂದ ದಿನವೇ ಜಗಳ ಶುರು. ಮಗನಿಗೆ 'ಥಾರ್' ಬೇಕು, ಮಗಳಿಗೆ 'ಕ್ರಿಪ್ಟೋ', ಅಪ್ಪನಿಗೆ 'ಶಕ್ತಿಮಾನ್'. ಅಜ್ಜಿಯದು ಒಂದೇ ಮಾತು: "ಏನ್ ಹೆಸರ್ರೋ ಇವು? ಮೋತಿ ಅಂದ್ರ ಸಾಕಿಲ್ಲೇನು?"

ಈ ಜಗಳದ ನಡುವೆ ಪಕ್ಕದ ಮನೆಯವರ ಸಲಹೆಗಳೂ ಬರುತ್ತವೆ. ಹೆಸರು ಎರಡಕ್ಷರದ್ದೇ ಇರಬೇಕಂತೆ. 'ಡೆವಿಲ್' ಅಂತ ಇಟ್ಟರೆ ನಾಯಿ ಕಚ್ಚುವಂಥದ್ದಾಗುತ್ತದಂತೆ. ಇಂಗ್ಲಿಷ್ ಹೆಸರಾದರೆ ಬೇಗ ಕಲಿಯುತ್ತದಂತೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಲೇಬಾರದಂತೆ. ಇವುಗಳಲ್ಲಿ ಎಷ್ಟು ನಿಜ? ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದೊಂದಾಗಿ ನೋಡೋಣ.

ಸಂಕ್ಷಿಪ್ತ ಉತ್ತರ

ಹೆಸರಿನ ಹಿಂದಿರುವ ಕಥೆ ನಾಯಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಹೆಸರು ಎಂದರೆ ಒಂದು ಸದ್ದು, ಆ ಸದ್ದಿನ ನಂತರ ಏನಾಗುತ್ತದೆ ಎಂಬ ಅನುಭವ, ಇಷ್ಟೇ. ಹಾಗಾಗಿ ಯಾವ ಹೀರೋನ ಹೆಸರನ್ನಾದರೂ ಇಡಬಹುದು. ಆದರೆ ಆ ಹೆಸರು ನೀವು ದಿನವೂ ಹೇಳುವ 'ಬ್ಯಾಡ', 'ಹೋಗು', 'ಕೂಡು' ಎಂಬ ಮಾತುಗಳಿಗೆ ತೀರಾ ಹತ್ತಿರ ಇರಬಾರದು. ಓಣಿಯ ಜನರಿಗೆ ನೋವು ಕೊಡಬಾರದು. ಮುಖ್ಯವಾಗಿ, ಕರೆದಾಗ ನಾಯಿ ತಿರುಗಿ ಬರುವಂತೆ ಕಲಿಸಿರಬೇಕು.

ಕಾಮಿಕ್ಸ್‌ನ ಹೆಸರಾಂತ ನಾಯಿಗಳು

ಹೆಸರು ಹುಡುಕುವವರು ಮೊದಲು ನೆನಪಿಸಿಕೊಳ್ಳುವುದು ಹೀರೋಗಳನ್ನು. ಆದರೆ ಕಾಮಿಕ್ಸ್‌ಗಳಲ್ಲಿ ನಾಯಿಗಳೇ ಸಾಕಷ್ಟಿವೆ.

• ಕ್ರಿಪ್ಟೋ: ಸೂಪರ್‌ಮ್ಯಾನ್‌ನ ಬಿಳಿ ನಾಯಿ. 1955ರಲ್ಲಿ ಮೊದಲು ಕಾಣಿಸಿಕೊಂಡಿತು. 2025ರ 'ಸೂಪರ್‌ಮ್ಯಾನ್' ಸಿನಿಮಾದಿಂದ ಹೊಸ ಪೀಳಿಗೆಗೂ ಪರಿಚಯವಾಯಿತು. ಈ ಸಿನಿಮಾದ ತುಂಟ ಕ್ರಿಪ್ಟೋಗೆ ನಿರ್ದೇಶಕ ಜೇಮ್ಸ್ ಗನ್ ಅವರು ಸಾಕಿಕೊಂಡ ನಾಯಿಯೇ ಪ್ರೇರಣೆ.
• ಏಸ್: ಬ್ಯಾಟ್‌ಮ್ಯಾನ್‌ನ ನಾಯಿ. ಇದೂ 1955ರದ್ದೇ.
• ಲಾಕ್‌ಜಾ: ಮಾರ್ವೆಲ್ ಕಾಮಿಕ್ಸ್‌ನ ದೈತ್ಯ ನಾಯಿ, 1965ರದ್ದು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಕ್ಷಣದಲ್ಲಿ ಸಾಗುವ ಶಕ್ತಿ ಇದಕ್ಕಿದೆ.
• ಕಾಸ್ಮೋ: ಮಾರ್ವೆಲ್‌ನ ಸೋವಿಯತ್ ಬಾಹ್ಯಾಕಾಶ ನಾಯಿ. 1957ರ ನವೆಂಬರ್ 3ರಂದು ಸ್ಪುಟ್ನಿಕ್-2ರಲ್ಲಿ ಹೋದ ನಿಜವಾದ ನಾಯಿ ಲೈಕಾಳನ್ನು ನೆನಪಿಸುವ ಪಾತ್ರ.
• ರಾಕೆಟ್: ಪ್ರಾಣ್ ಅವರ ಚಾಚಾ ಚೌಧರಿಯ ನಾಯಿ. ಬೀದಿಯಿಂದ ಮನೆಗೆ ಬಂದದ್ದು.
• ಡೋಗಾ: ರಾಜ್ ಕಾಮಿಕ್ಸ್‌ನ ಹೀರೋ. ಇವನು ಮನುಷ್ಯ, ಆದರೆ ನಾಯಿಯ ಮುಖವಾಡ ಹಾಕುತ್ತಾನೆ. ನಾಯಿಗಳೇ ಇವನ ಒಡನಾಡಿಗಳು.
• ಡೆವಿಲ್: 1936ರಲ್ಲಿ ಲೀ ಫಾಕ್ ಸೃಷ್ಟಿಸಿದ ಫ್ಯಾಂಟಮ್‌ನ ಜೊತೆಗಾರ. ಇಂದ್ರಜಾಲ ಕಾಮಿಕ್ಸ್ 1964ರಿಂದ ಫ್ಯಾಂಟಮ್‌ನನ್ನು ಭಾರತದ ಮನೆಮನೆಗೆ ತಂದಿತು. ಒಂದು ಸಣ್ಣ ತಿದ್ದುಪಡಿ: ಡೆವಿಲ್ ನಾಯಿಯಲ್ಲ, ತೋಳ. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇವೆ.

ದೂರದರ್ಶನದ 'ಶಕ್ತಿಮಾನ್' (1997ರಿಂದ 2005) ಹೆಸರು ನಾಯಿಗಳಿಗಷ್ಟೇ ಸೀಮಿತವಲ್ಲ. 2016ರಲ್ಲಿ ಡೆಹ್ರಾಡೂನಿನ ಪ್ರತಿಭಟನೆಯೊಂದರಲ್ಲಿ ಕಾಲು ಮುರಿದುಕೊಂಡು, ಬಳಿಕ ಸತ್ತ ಉತ್ತರಾಖಂಡ ಪೊಲೀಸ್ ಕುದುರೆಯ ಹೆಸರೂ ಶಕ್ತಿಮಾನ್.

ನಾಯಿಗೆ ತನ್ನ ಹೆಸರು ನಿಜವಾಗಿ ಗೊತ್ತೇ?

ಗೊತ್ತು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಅಮೃತಾ ಮಲ್ಲಿಕಾರ್ಜುನ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಹಿನ್ನೆಲೆಯಲ್ಲಿ ಹಲವರು ಮಾತಾಡುವ ಗದ್ದಲ. ಅದರ ನಡುವೆ ಅಪರಿಚಿತ ದನಿಯೊಂದು ಒಮ್ಮೆ ನಾಯಿಯ ಹೆಸರನ್ನು, ಇನ್ನೊಮ್ಮೆ ಬೇರೆ ನಾಯಿಯ ಹೆಸರನ್ನು ಹೇಳುತ್ತದೆ. ತನ್ನ ಹೆಸರು ಬಂದಾಗ ನಾಯಿಗಳು ಆ ಕಡೆ ಹೆಚ್ಚು ಹೊತ್ತು ಗಮನ ಕೊಟ್ಟವು. ಗದ್ದಲ ಮತ್ತು ಹೆಸರಿನ ದನಿ ಸಮ ಇದ್ದಾಗಲೂ ಗುರುತಿಸಿದವು. ಗದ್ದಲವೇ ಜೋರಾದಾಗ ಮಾತ್ರ ಸೋತವು.

ಇದರಲ್ಲಿ ನಮ್ಮ ಭಾಗಕ್ಕೊಂದು ಪಾಠವಿದೆ. ವಾಡಿ ಜಂಕ್ಷನ್‌ನಲ್ಲಿ ರೈಲು ಹಾಯುವಾಗ, ಶಹಾಬಾದಿನ ಕಲ್ಲು ಕೊಯ್ಯುವ ಯಂತ್ರಗಳ ಪಕ್ಕದಲ್ಲಿ, ಸಿಮೆಂಟ್ ಲಾರಿಗಳ ರಸ್ತೆಯಲ್ಲಿ ನಾಯಿ ನಿಮ್ಮ ಕಡೆ ನೋಡದಿದ್ದರೆ ಅದು ಸೊಕ್ಕು ಎಂದುಕೊಳ್ಳಬೇಡಿ. ಕೇಳಿಸಿರಲಿಕ್ಕಿಲ್ಲ. ಅಂಥ ಜಾಗದಲ್ಲಿ ಹೆಸರನ್ನು ನಂಬದೆ ಹಗ್ಗ ಹಿಡಿಯುವುದೇ ಸರಿ.

ನಂಬಿಕೆ 1: ಹೆಸರು ಎರಡಕ್ಷರದ್ದೇ ಇರಬೇಕು

ಅರ್ಧ ಸತ್ಯ. ಎರಡಕ್ಷರದ ಹೆಸರು ಅನುಕೂಲ, ಏಕೆಂದರೆ ಮನೆಯ ಎಲ್ಲರೂ ಅದನ್ನು ಒಂದೇ ರೀತಿ ಹೇಳುತ್ತಾರೆ. ಆದರೆ ಉದ್ದದ ಪದವನ್ನು ನಾಯಿ ಕಲಿಯಲಾರದು ಎಂಬುದು ಸುಳ್ಳು. ಚೇಸರ್ ಎಂಬ ಬಾರ್ಡರ್ ಕೋಲಿ ನಾಯಿ 1,022 ಆಟಿಕೆಗಳ ಹೆಸರು ಕಲಿತದ್ದನ್ನು 2011ರಲ್ಲಿ ವಿಜ್ಞಾನಿಗಳು ದಾಖಲಿಸಿದರು. ಎಲ್ಲ ನಾಯಿಗಳೂ ಚೇಸರ್ ಅಲ್ಲ. ಆದರೂ ಒಂದು 'ಶಕ್ತಿಮಾನ್' ಕಲಿಯುವುದು ಅವುಗಳಿಗೆ ಕಷ್ಟವೇನಲ್ಲ.

ನಿಜವಾದ ಸಮಸ್ಯೆ ನಮ್ಮದು. ಶಕ್ತಿಮಾನ್ ಅಂತ ಇಟ್ಟು, ಅಪ್ಪ 'ಶಕ್ತಿ', ಅವ್ವ 'ಶಕ್ತ್ಯಾ', ಮಗ 'ಮಾನ್ಯಾ' ಎಂದು ಕರೆದರೆ ನಾಯಿಗೆ ಅವು ಮೂರು ಬೇರೆ ಸದ್ದುಗಳು. ಯಾವುದಾದರೂ ಒಂದನ್ನು ಆರಿಸಿ, ಎಲ್ಲರೂ ಅದನ್ನೇ ಹೇಳಿ.

ನಂಬಿಕೆ 2: 'ಕ', 'ಟ' ಅಕ್ಷರಗಳಷ್ಟೇ ನಾಯಿಗೆ ಸರಿಯಾಗಿ ಕೇಳುತ್ತವೆ

ಸುಳ್ಳು. ಮನುಷ್ಯರ ಕಿವಿ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದು ಕೇಳುತ್ತದೆ. ನಾಯಿಯ ಕಿವಿಗೆ ಸುಮಾರು 45,000 ಹರ್ಟ್ಸ್‌ವರೆಗೆ ಕೇಳುತ್ತದೆ. ನಾವಾಡುವ ಎಲ್ಲ ಅಕ್ಷರಗಳೂ ಅದರ ವ್ಯಾಪ್ತಿಯೊಳಗೇ ಇವೆ.

ಕೇಳಿಸುವುದು ಬೇರೆ, ವ್ಯತ್ಯಾಸಕ್ಕೆ ಗಮನ ಕೊಡುವುದು ಬೇರೆ. ಹಂಗೇರಿಯ ಬುಡಾಪೆಸ್ಟ್‌ನ ಸಂಶೋಧಕರು 2020ರಲ್ಲಿ ನಾಯಿಗಳ ಮಿದುಳಿನ ವಿದ್ಯುತ್ ಚಟುವಟಿಕೆ ಅಳೆದರು. ಗೊತ್ತಿರುವ ಪದಕ್ಕೂ ಪೂರ್ತಿ ಬೇರೆಯಾದ ಅರ್ಥಹೀನ ಪದಕ್ಕೂ ನಾಯಿಯ ಮಿದುಳು ಬೇರೆ ಬೇರೆಯಾಗಿ ಸ್ಪಂದಿಸಿತು. ಒಂದೇ ಒಂದು ಧ್ವನಿ ಬದಲಾದ ಪದಕ್ಕೆ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ.

ಹೆಸರಿಡುವಾಗ ನಿಜಕ್ಕೂ ಉಪಯೋಗಕ್ಕೆ ಬರುವುದು ಈ ಅಂಶ. ಬ್ಯಾಟ್‌ಮ್ಯಾನ್ ಎಂದು ಇಟ್ಟು 'ಬ್ಯಾಟ್' ಎಂದು ಕರೆದರೆ, ನಾವು ಗದರಿಸಲು ಬಳಸುವ 'ಬ್ಯಾಡ'ಕ್ಕೂ ಅದಕ್ಕೂ ಅಂತರ ಕಡಿಮೆ. 'ಡೋಗಾ' ಮತ್ತು 'ಹೋಗ' ಕೂಡ ಹಾಗೆಯೇ. ಕರೆದರೋ ಅಟ್ಟಿದರೋ ಎಂದು ತಿಳಿಯದೆ ನಾಯಿ ನಿಂತಲ್ಲೇ ನಿಂತರೆ ತಪ್ಪು ಅದರದ್ದಲ್ಲ.

ನಂಬಿಕೆ 3: ಇಂಗ್ಲಿಷ್ ಹೆಸರು, ಇಂಗ್ಲಿಷ್ ಮಾತು ನಾಯಿಗೆ ಬೇಗ ತಿಳಿಯುತ್ತದೆ

ಸುಳ್ಳು. ನಾಯಿಗೆ ಹುಟ್ಟಿನಿಂದ ಬಂದ ಭಾಷೆ ಯಾವುದೂ ಇಲ್ಲ. ತಾನು ಬೆಳೆದ ಮನೆಯ ಭಾಷೆಯೇ ಅದಕ್ಕೆ ಪರಿಚಿತ. ಲಾರಾ ಕುವಾಯಾ ಮತ್ತು ಸಂಗಡಿಗರು 18 ನಾಯಿಗಳ ಮಿದುಳನ್ನು ಸ್ಕ್ಯಾನ್ ಮಾಡಿ, ಪರಿಚಿತ ಭಾಷೆ ಮತ್ತು ಅಪರಿಚಿತ ಭಾಷೆ ಕೇಳಿದಾಗ ಮಿದುಳಿನ ಸ್ಪಂದನೆ ಬೇರೆ ಬೇರೆ ಇರುವುದನ್ನು ಕಂಡರು.

ಸೇಡಂ, ಚಿಂಚೋಳಿ ಕಡೆ ಒಂದೇ ಓಣಿಯಲ್ಲಿ ಕನ್ನಡ, ತೆಲುಗು, ದಖನಿ ಉರ್ದು ಕೇಳುತ್ತವೆ. ತಾಂಡಾಗಳಲ್ಲಿ ಲಂಬಾಣಿ ಮಾತು. ಅಲ್ಲಿ 'ಬಾ', 'ರಾ', 'ಆ' ಎಂದು ಕರೆಯುವ ಪದ ಬದಲಾಗುತ್ತದೆ. ಹೆಸರು ಬದಲಾಗುವುದಿಲ್ಲ. ಎಲ್ಲರ ಬಾಯಲ್ಲೂ ಒಂದೇ ಆಗಿ ಉಳಿಯುವುದರಿಂದ 'ರಾಕೆಟ್', 'ಕ್ರಿಪ್ಟೋ'ದಂಥ ಹೆಸರುಗಳು ಇಂಥ ಕಡೆ ಒಳ್ಳೆಯ ಆಯ್ಕೆ.

ನಂಬಿಕೆ 4: 'ಡೆವಿಲ್' ಎಂದರೆ ನಾಯಿ ಕೆಟ್ಟದ್ದಾಗುತ್ತದೆ

ನಾಯಿ ಬದಲಾಗುವುದಿಲ್ಲ, ನೋಡುವವರ ಕಣ್ಣು ಬದಲಾಗಬಹುದು. ಹಣೆಪಟ್ಟಿಯ ಪ್ರಭಾವ ಎಷ್ಟಿರುತ್ತದೆ ಎಂಬುದಕ್ಕೆ ಅಮೆರಿಕದ 2016ರ ಅಧ್ಯಯನವೊಂದು ಒಳ್ಳೆಯ ಉದಾಹರಣೆ. ನಾಯಿ ಆಶ್ರಯತಾಣದಲ್ಲಿ ತಳಿಯ ಹೆಸರಿನ ಚೀಟಿ ತೆಗೆದ ಮೇಲೆ, 'ಪಿಟ್‌ಬುಲ್' ಎಂದು ಕರೆಯಲಾಗುತ್ತಿದ್ದ ನಾಯಿಗಳನ್ನು ಹೆಚ್ಚು ಜನ ದತ್ತು ಪಡೆದರು. ಅದು ತಳಿಯ ಹೆಸರಿನ ಮಾತಾದರೂ, ಭಯ ಹುಟ್ಟಿಸುವ ಹೆಸರಿಟ್ಟ ನಾಯಿಯ ಬಗ್ಗೆ ಅಕ್ಕಪಕ್ಕದವರು ಹೇಗೆ ಯೋಚಿಸಬಹುದು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಮಕ್ಕಳು ಕಂಡೊಡನೆ ಓಡುತ್ತಾರೆ, ದೊಡ್ಡವರು ಕಲ್ಲು ಎತ್ತುತ್ತಾರೆ, ನಾಯಿ ಹೆದರಿ ಬೊಗಳುತ್ತದೆ. ಆಮೇಲೆ ದೋಷ ಹೆಸರಿನ ಮೇಲೆ ಬರುತ್ತದೆ.

ನಂಬಿಕೆ 5: ಇಟ್ಟ ಹೆಸರು ಬದಲಿಸಬಾರದು

ಸುಳ್ಳು. ದೊಡ್ಡ ನಾಯಿಯೂ ಹೊಸ ಹೆಸರು ಕಲಿಯುತ್ತದೆ. ಮೊದಲ ಕೆಲವು ದಿನ ಹೊಸ ಹೆಸರಿನ ಹಿಂದೆಯೇ ಹಳೆಯ ಹೆಸರು ಹೇಳಿ, ಆಮೇಲೆ ಹಳೆಯದನ್ನು ಬಿಡಿ. ಹಳೆಯ ಮನೆಯಲ್ಲಿ ಆ ಹೆಸರು ಹಿಡಿದೇ ಹೊಡೆದಿದ್ದರೆ, ಬದಲಿಸುವುದೇ ನಾಯಿಗೆ ಒಳ್ಳೆಯದು.

ನಮ್ಮೂರ ಬಾಯಲ್ಲಿ ಹೆಸರು ಏನಾಗುತ್ತದೆ?

ಕಲಬುರಗಿ ಸೀಮೆಯಲ್ಲಿ ಹೆಸರುಗಳು ಇದ್ದಂತೆ ಉಳಿಯುವುದು ಅಪರೂಪ. ಮೋತಿ 'ಮೋತ್ಯಾ' ಆಗುತ್ತದೆ, ಕಾಳು 'ಕಾಳ್ಯಾ' ಆಗುತ್ತದೆ. ಹಾಗಾಗಿ ಹೆಸರನ್ನು ಟಿವಿಯಲ್ಲಿ ಕೇಳಿದಂತಲ್ಲ, ಓಣಿಯಲ್ಲಿ ಕೂಗಿದಂತೆ ಪರೀಕ್ಷಿಸಬೇಕು.

• ಹಲ್ಕ್: 'ಹಲ್ಕ್ಯಾ' ಆದ ಕೂಡಲೇ 'ಹಲ್ಕಟ್' ಎಂಬ ಬೈಗುಳದ ಪಕ್ಕಕ್ಕೆ ಬಂದು ನಿಲ್ಲುತ್ತದೆ. ದಾರಿಯಲ್ಲಿ ಹೋಗುವವರು ತಮಗೇ ಬೈದರೆಂದು ತಿಳಿದಾರು.
• ಲೋಕಿ: ಓಣಿಯಲ್ಲಿ ಒಬ್ಬ ಲೋಕೇಶನಿದ್ದರೆ ಅವನೂ ಮನೆಯಲ್ಲಿ 'ಲೋಕಿ'ಯೇ ಆಗಿರಬಹುದು.
• ಥಾರ್: ಚಿಕ್ಕದು, ಚೊಕ್ಕದು. ಆದರೆ ಹುಡುಗರು ಜೀಪಿನ ಹೆಸರೆಂದೇ ತಿಳಿಯುತ್ತಾರೆ.
• ಏಸ್: ಒಂದೇ ಉಸಿರಿನಲ್ಲಿ ಮುಗಿಯುತ್ತದೆ, ದೂರಕ್ಕೆ ಕೂಗಲು ಕಷ್ಟ.
• ಕ್ರಿಪ್ಟೋ, ಕಾಸ್ಮೋ: ಕೊನೆಯಲ್ಲಿ ಸ್ವರ ಇರುವುದರಿಂದ ಕೂಗಲು ಸಲೀಸು.
• ರಾಕೆಟ್: 'ರಾಕೆಟ್ಯಾ' ಆದರೂ ಕೆಡುವುದಿಲ್ಲ. ದಿನಬಳಕೆಯ ಆಜ್ಞೆಗಳೊಂದಿಗೂ ಬೆರೆಯುವುದಿಲ್ಲ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. 'ಛೋಟಾ ಭೀಮ್' ಮಕ್ಕಳಿಗೆ ಪ್ರಿಯ, ಹಾಗಾಗಿ ನಾಯಿಗೂ ಭೀಮ್ ಎನ್ನೋಣ ಎಂದು ಮಗು ಹಟ ಹಿಡಿಯಬಹುದು. ಆದರೆ ಭೀಮಾ ಈ ಸೀಮೆಯ ನದಿ. ಭೀಮಶಂಕರ, ಭೀಮರಾಯ, ಭೀಮಬಾಯಿ ಎಂಬ ಹೆಸರಿನವರು ಊರೂರಲ್ಲಿದ್ದಾರೆ. ಬಾಬಾಸಾಹೇಬ್ ಭೀಮರಾವ್ ಅಂಬೇಡ್ಕರರನ್ನು ಜನ 'ಜೈ ಭೀಮ್' ಎಂದೇ ನೆನೆಯುತ್ತಾರೆ. ಅದನ್ನು ನಾಯಿಗೆ ಇಟ್ಟು ಬೀದಿಯಲ್ಲಿ ಕೂಗಿದರೆ, ಇಟ್ಟವರ ಮನಸ್ಸಿನಲ್ಲಿ ಕಾರ್ಟೂನ್ ಮಾತ್ರ ಇದ್ದರೂ ಕೇಳಿದವರಿಗೆ ಅವಮಾನ ಆಗುತ್ತದೆ. ದೇವರು, ಶರಣರು, ಪೀರರ ಹೆಸರಿಗೂ ಇದೇ ಮಾತು ಅನ್ವಯಿಸುತ್ತದೆ. ಮಗುವಿಗೆ ಕಾರಣ ಹೇಳಿ, ಅದು ಅರ್ಥ ಮಾಡಿಕೊಳ್ಳುತ್ತದೆ.

ಹೆಸರು ಕಲಿಸುವುದು ಹೇಗೆ?

1. ಸದ್ದಿಲ್ಲದ ಜಾಗದಲ್ಲಿ ಹೆಸರನ್ನು ಒಮ್ಮೆ ಮಾತ್ರ, ಖುಷಿಯ ದನಿಯಲ್ಲಿ ಹೇಳಿ. ಎಳೆಯ ಮರಿಗಳು ಮುದ್ದಿನ ಏರುದನಿಗೆ ಹೆಚ್ಚು ಸ್ಪಂದಿಸುತ್ತವೆ ಎಂಬುದನ್ನು 2017ರ ಫ್ರೆಂಚ್ ಸಂಶೋಧಕರ ಅಧ್ಯಯನ ತೋರಿಸಿದೆ.
2. ನಿಮ್ಮ ಕಡೆ ತಿರುಗಿದ ತಕ್ಷಣ ರೊಟ್ಟಿಯ ಚೂರು ಅಥವಾ ಬೇಯಿಸಿದ ಮೊಟ್ಟೆಯ ತುಂಡು ಕೊಡಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಪಲ್ಯ, ಚಾಕೊಲೇಟ್, ದ್ರಾಕ್ಷಿ ಬೇಡ. ಅವು ನಾಯಿಗೆ ವಿಷ.
3. ದಿನಕ್ಕೆ ಎರಡು ಮೂರು ಸಲ, ಪ್ರತಿ ಸಲ ಎರಡೇ ನಿಮಿಷ ಸಾಕು.
4. ತಿರುಗದಿದ್ದರೆ ಹತ್ತು ಸಲ ಕೂಗಬೇಡಿ. ಹತ್ತನೆಯ ಕೂಗಿಗೆ ಬಂದರಾಯಿತು ಎಂದು ಅದು ಕಲಿಯುತ್ತದೆ. ಚಪ್ಪಾಳೆ ತಟ್ಟಿ, ಗಮನ ಬಂದ ಮೇಲೆ ಹೆಸರು ಹೇಳಿ.
5. ಬೈಯಲು ಹೆಸರು ಬಳಸಬೇಡಿ. ಕರೆದು ಹೊಡೆದರೆ, ಮುಂದಿನ ಸಲ ಆ ಹೆಸರು ಕೇಳಿದಾಗ ಅದು ದೂರ ಓಡುತ್ತದೆ.
6. ಮನೆಯೊಳಗೆ ಕಲಿತ ಮೇಲೆ ಅಂಗಳ, ಆಮೇಲೆ ಉದ್ದ ಹಗ್ಗ ಕಟ್ಟಿ ಹೊಲ. ಹಂತ ಹಂತವಾಗಿ ಹೋಗಿ.

ಚಂದ್ರಂಪಳ್ಳಿಯ ಅಂಚಿನಲ್ಲಿ ಹೆಸರಿನ ಬೆಲೆ

ಈಗ ಡೆವಿಲ್ ಎಂಬ ತೋಳಕ್ಕೆ ಮರಳೋಣ. ಚಂದ್ರಂಪಳ್ಳಿ ಜಲಾಶಯವಿರುವುದು ಚಿಂಚೋಳಿ ವನ್ಯಜೀವಿಧಾಮದಲ್ಲಿ. 2011ರಲ್ಲಿ ಘೋಷಣೆಯಾದ ಇದರ ವಿಸ್ತೀರ್ಣ ಸುಮಾರು 135 ಚದರ ಕಿಲೋಮೀಟರ್. ಇಲ್ಲಿ ನಿಜವಾದ ತೋಳಗಳಿವೆ, ಕತ್ತೆಕಿರುಬ, ನರಿ, ಕೃಷ್ಣಮೃಗಗಳಿವೆ. ಸುತ್ತ ಹಳ್ಳಿ, ತಾಂಡಾಗಳಿವೆ. ಅಲ್ಲಿಯ ಮನೆ, ಹೊಲ, ಕುರಿಹಟ್ಟಿಗಳಲ್ಲಿ ನಾಯಿಗಳಿವೆ.

ನಾಯಿ ಮತ್ತು ತೋಳ ಹತ್ತಿರದ ಸಂಬಂಧಿಗಳು. ಅವು ಕೂಡಿ ಮರಿ ಹಾಕಬಲ್ಲವು, ಒಂದರ ರೋಗ ಇನ್ನೊಂದಕ್ಕೆ ಹರಡಬಲ್ಲದು. ರೇಬೀಸ್ ಮತ್ತು ಕೆನೈನ್ ಡಿಸ್ಟೆಂಪರ್ ಎರಡೂ ಹಾಗೆ ದಾಟುವ ವೈರಾಣು ರೋಗಗಳು. 2018ರಲ್ಲಿ ಗುಜರಾತಿನ ಗಿರ್ ಸಿಂಹಗಳ ಸರಣಿ ಸಾವಿನ ಕಾರಣಗಳಲ್ಲಿ ಡಿಸ್ಟೆಂಪರ್ ವೈರಾಣು ಕೂಡ ಒಂದು. ಜಿಂಕೆ ಕಂಡು ಓಡಿದ ನಾಯಿ ಅದನ್ನು ಕೊಲ್ಲಬಹುದು, ಇಲ್ಲವೇ ತೋಳಕ್ಕೆ ತಾನೇ ಬಲಿಯಾಗಬಹುದು.

ಈ ಅಂಚಿನಲ್ಲಿ ಮೂರು ಕೆಲಸ ಮುಖ್ಯ. ಜಲಾಶಯ ನೋಡಲು ಹೋಗುವಾಗ ನಾಯಿಯನ್ನು ಮನೆಯಲ್ಲೇ ಬಿಡಿ. ಕಾಡಿನಂಚಿನಲ್ಲಿ ವಾಸವಿದ್ದರೆ ಸಂಜೆಯಾದ ಮೇಲೆ ನಾಯಿಯನ್ನು ಸುತ್ತಾಡಲು ಬಿಡಬೇಡಿ. ಮರಿಗೆ ಮೂರು ತಿಂಗಳಾದಾಗ ಪಶು ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆ ಹಾಕಿಸಿ, ವೈದ್ಯರು ಹೇಳಿದ ದಿನಕ್ಕೆ ಮುಂದಿನ ಡೋಸ್ ಹಾಕಿಸಿ. ಇಷ್ಟೆಲ್ಲ ಮಾಡಿಯೂ ಎಂದಾದರೂ ನಾಯಿ ಕೈತಪ್ಪಿ ಓಡಿದರೆ, ನಿಮ್ಮ ಬಳಿ ಉಳಿಯುವ ಏಕೈಕ ಹಗ್ಗ ಅದರ ಹೆಸರು.

ಒಟ್ಟಿನಲ್ಲಿ

ಹೆಸರು ಆರಿಸಿದ ಮೇಲೆ ಮೂರು ದಿನ ಕಾಯಿರಿ. ಬಾಗಿಲಲ್ಲಿ ನಿಂತು ಜೋರಾಗಿ ಕೂಗಿ ನೋಡಿ. ಅಜ್ಜಿಯ ಬಾಯಲ್ಲಿ ಹೇಳಿಸಿ. 'ಬ್ಯಾಡ', 'ಹೋಗು', 'ಕೂಡು' ಜೊತೆ ಸೇರಿಸಿ ಹೇಳಿ. ಪಕ್ಕದ ಮನೆಯವರು ಕೇಳಿ ಮುಖ ಸಿಂಡರಿಸಿದರೆ ಕಾರಣ ಕೇಳಿ. ಇದೆಲ್ಲ ದಾಟಿದ ಹೆಸರನ್ನು ಲಸಿಕೆ ಕಾರ್ಡಿನಲ್ಲಿ ಬರೆಸಿ.

ಅಜ್ಜಿಯ 'ಮೋತಿ' ಕೂಡ ಈ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇವೆ. ಕ್ರಿಪ್ಟೋ ಗೆದ್ದರೂ, ಮೋತಿ ಗೆದ್ದರೂ, ಒಂದೇ ಕರೆಗೆ ತಿರುಗಿ ಓಡಿಬಂದ ದಿನ ಆ ನಾಯಿ ನಿಮ್ಮ ಮನೆಯ ಹೀರೋ.