ಒಂದೇ ಸೂರಿನಡಿ ನಿಧಾನವಾಗಿ ಅರಳುವ ಪ್ರೀತಿ: ರೂಮ್‌ಮೇಟ್ ಕಾದಂಬರಿಗಳ ಸೆಳೆತ

ಪ್ರೇಮಕಾದಂಬರಿಯನ್ನು ಕೈಗೆತ್ತಿಕೊಳ್ಳುವ ಓದುಗರಿಗೆ ಅದರ ಅಂತ್ಯ ಮೊದಲ ಪುಟದಲ್ಲೇ ಗೊತ್ತಿರುತ್ತದೆ. ನಾಯಕ, ನಾಯಕಿ ಒಂದಾಗುತ್ತಾರೆ. ಅದರಲ್ಲಿ ಗುಟ್ಟೇನೂ ಇಲ್ಲ. ಹಾಗಿದ್ದರೂ ನಾನೂರು ಪುಟಗಳನ್ನು ಬಿಡದೆ ಓದಿ ಮುಗಿಸುವವರು ಲಕ್ಷಾಂತರ ಮಂದಿ. ಅವರು ಹುಡುಕುವುದು ಊರನ್ನಲ್ಲ, ಊರಿಗೆ ಹೋಗುವ ದಾರಿಯನ್ನು. ಆ ದಾರಿಯನ್ನು ಬೇಕೆಂದೇ ಉದ್ದಗೊಳಿಸುವ ಕಥೆಗಳಿಗೆ ಇಂಗ್ಲಿಷ್ ಓದುಗ ವಲಯ ಇಟ್ಟಿರುವ ಹೆಸರು ‘ಸ್ಲೋ ಬರ್ನ್’, ಅಂದರೆ ಸಣ್ಣ ಉರಿಯಲ್ಲಿ ಕಾವೇರುವ ಪ್ರೇಮ. ಈ ಬಗೆಯ ಕಾದಂಬರಿಗಳಲ್ಲಿ ಕಳೆದ ಒಂದು ದಶಕದಿಂದ ವಿಶೇಷ ಜನಪ್ರಿಯತೆ ಗಳಿಸಿರುವುದು ಒಂದೇ ಮನೆಯನ್ನು ಹಂಚಿಕೊಂಡ ರೂಮ್‌ಮೇಟ್‌ಗಳ ಕಥೆ.

ಪೂರ್ವರಾಗದ ಹೊಸ ರೂಪ

ಹೆಸರು ಹೊಸದಾದರೂ ವಸ್ತು ಹಳೆಯದು. ಜೇನ್ ಆಸ್ಟೆನ್ ಅವರ ‘ಪ್ರೈಡ್ ಅಂಡ್ ಪ್ರೆಜುಡಿಸ್’ (1813) ಕಾದಂಬರಿಯಲ್ಲಿ ಡಾರ್ಸಿ ತನ್ನ ಪ್ರೀತಿಯನ್ನು ಮೊದಲ ಬಾರಿಗೆ ಹೇಳಿಕೊಳ್ಳುವುದು 34ನೆಯ ಅಧ್ಯಾಯದಲ್ಲಿ. ಅದು ತಿರಸ್ಕೃತವಾಗುತ್ತದೆ. 61 ಅಧ್ಯಾಯಗಳ ಆ ಕೃತಿಯ ಉಳಿದರ್ಧ ಎರಡು ಮನಸ್ಸುಗಳು ತಿದ್ದಿಕೊಳ್ಳುವುದಕ್ಕೆ ಮೀಸಲು. ಅಕ್ಕ ಜೇನ್ ಕಾಯಿಲೆ ಬಿದ್ದಾಗ ಎಲಿಜಬೆತ್ ಕೆಲವು ದಿನ ನೆದರ್‌ಫೀಲ್ಡ್ ಬಂಗಲೆಯಲ್ಲಿ ಡಾರ್ಸಿಯೊಡನೆ ಒಂದೇ ಸೂರಿನಡಿ ಇರಬೇಕಾಗುತ್ತದೆ ಎಂಬುದೂ ಇಲ್ಲಿ ನೆನೆಯತಕ್ಕದ್ದು.

ಭಾರತೀಯ ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಇದನ್ನು ಇನ್ನೂ ಚೆನ್ನಾಗಿ ಅರ್ಥಮಾಡಿಕೊಳ್ಳಬಹುದು. ಶೃಂಗಾರ ರಸಕ್ಕೆ ಸಂಭೋಗ, ವಿಪ್ರಲಂಭ ಎಂಬ ಎರಡು ಮುಖಗಳಿವೆ. ಸೇರುವ ಮುನ್ನಿನ ಹಂಬಲವಾದ ‘ಪೂರ್ವರಾಗ’ವನ್ನು ಆಲಂಕಾರಿಕರು ವಿಪ್ರಲಂಭದ ಒಂದು ಬಗೆಯೆಂದು ಎಣಿಸಿದರು. ಸ್ಲೋ ಬರ್ನ್ ಕಾದಂಬರಿ ಈ ಪೂರ್ವರಾಗವನ್ನೇ ಕಥೆಯ ಮುಕ್ಕಾಲು ಪಾಲಿಗೆ ಹಿಗ್ಗಿಸುತ್ತದೆ. ವ್ಯತ್ಯಾಸವಿರುವುದು ಒಂದೇ ಕಡೆ. ಕಾವ್ಯದ ವಿರಹಿಗಳ ನಡುವೆ ಕಾಡು, ಕಡಲು, ಗಿರಿಗಳಿದ್ದರೆ ರೂಮ್‌ಮೇಟ್ ಕಥೆಯಲ್ಲಿರುವುದು ಒಂದು ಗೋಡೆ ಮಾತ್ರ. ಇಲ್ಲಿನ ವಿರಹ ಜೊತೆಯಲ್ಲೇ ಇದ್ದು ಅನುಭವಿಸುವ ವಿರಹ.

ಒಂದು ಹಾಸಿಗೆ, ಎರಡು ಪಾಳಿ

ಈ ಬಗೆಯ ಕಥೆಗಳಿಗೆ ಅತ್ಯುತ್ತಮ ಉದಾಹರಣೆಯೆಂದರೆ ಇಂಗ್ಲೆಂಡಿನ ಬೆತ್ ಓಲಿಯರಿ ಅವರ ಚೊಚ್ಚಲ ಕಾದಂಬರಿ ‘ದಿ ಫ್ಲ್ಯಾಟ್‌ಶೇರ್’ (2019). ಮಕ್ಕಳ ಪುಸ್ತಕಗಳ ಪ್ರಕಾಶನ ಸಂಸ್ಥೆಯಲ್ಲಿ ಉದ್ಯೋಗದಲ್ಲಿದ್ದ ಲೇಖಕಿ, ಕಚೇರಿಗೆ ಹೋಗಿಬರುವ ರೈಲು ಪಯಣದಲ್ಲಿ ಇದನ್ನು ಬರೆದರು.

ಕಥಾನಾಯಕಿ ಟಿಫಿ ಮೂರ್ ಕರಕುಶಲ ಪುಸ್ತಕಗಳ ಸಹಾಯಕ ಸಂಪಾದಕಿ. ಹಳೆಯ ಗೆಳೆಯ ಜಸ್ಟಿನ್‌ನ ಮನೆಯಿಂದ ಹೊರಬೀಳಲೇಬೇಕು, ಆದರೆ ಕೈಯಲ್ಲಿ ಹಣವಿಲ್ಲ. ಲಿಯೊನ್ ಟೂಮಿ ಸಾವಿನಂಚಿನ ರೋಗಿಗಳನ್ನು ಆರೈಕೆ ಮಾಡುವ ರಾತ್ರಿಪಾಳಿಯ ನರ್ಸ್. ಮಾಡದ ತಪ್ಪಿಗೆ ಸೆರೆಮನೆ ಸೇರಿರುವ ತಮ್ಮ ರಿಚಿಯ ವಕೀಲರ ಶುಲ್ಕಕ್ಕೆ ಅವನಿಗೆ ಹಣ ಬೇಕು. ಲಂಡನ್ನಿನ ಸ್ಟಾಕ್‌ವೆಲ್‌ನಲ್ಲಿರುವ ಅವನ ಮನೆಗೆ ಒಂದೇ ಮಲಗುವ ಕೋಣೆ, ಒಂದೇ ಹಾಸಿಗೆ. ಹಗಲು ಅವನಿಗೆ, ರಾತ್ರಿ ಮತ್ತು ವಾರಾಂತ್ಯ ಅವಳಿಗೆ ಎಂಬುದು ಒಪ್ಪಂದ. ಬಾಡಿಗೆ ತಿಂಗಳಿಗೆ 350 ಪೌಂಡ್.

ಹೀಗೆ ಒಬ್ಬರ ಮುಖವನ್ನೊಬ್ಬರು ಕಾಣದೆ ಒಂದೇ ಹಾಸಿಗೆಯಲ್ಲಿ ಮಲಗುವ ಇಬ್ಬರ ನಡುವೆ ಮಾತು ಶುರುವಾಗುವುದು ಅಂಟುಚೀಟಿಗಳ ಮೂಲಕ. ಮೊದಲು ಮನೆವಾರ್ತೆಯ ಸೂಚನೆಗಳು, ಆಮೇಲೆ ಮಿಕ್ಕ ಅಡುಗೆಯ ಬಗ್ಗೆ ಒಂದು ಸಾಲು, ಆಮೇಲೆ ತಮ್ಮನ ಸುದ್ದಿ. ಇಬ್ಬರೂ ಎದುರಾಗುವ ಹೊತ್ತಿಗೆ ಪುಸ್ತಕದ ಸಾಕಷ್ಟು ಭಾಗ ಕಳೆದಿರುತ್ತದೆ. ಅಷ್ಟರಲ್ಲಿ ಅವರು ಪರಸ್ಪರರ ಸ್ವಭಾವವನ್ನು ಬಲ್ಲವರು, ಬಲ್ಲದಿರುವುದು ಮುಖವೊಂದೇ. ಸಾಮಾನ್ಯ ಪ್ರೇಮಕಥೆ ನೋಟದಿಂದ ಆರಂಭವಾಗಿ ಗುಣಕ್ಕೆ ಸಾಗಿದರೆ, ಇದು ಗುಣದಿಂದ ಹೊರಟು ನೋಟವನ್ನು ಮುಟ್ಟುತ್ತದೆ. ಆರು ಕಂತುಗಳ ಟೆಲಿವಿಷನ್ ಸರಣಿಯಾಗಿ ಈ ಕಥೆ 2022ರ ಡಿಸೆಂಬರ್‌ನಲ್ಲಿ ಪ್ಯಾರಾಮೌಂಟ್ ಪ್ಲಸ್‌ನಲ್ಲಿ ತೆರೆಕಂಡಿತು. ಜೆಸಿಕಾ ಬ್ರೌನ್ ಫಿಂಡ್ಲೆ ಮತ್ತು ಆಂಟನಿ ವೆಲ್ಷ್ ಮುಖ್ಯ ಪಾತ್ರಗಳಲ್ಲಿದ್ದರು.

ಪಾಳಿಯ ಮೇಲೆ ಹಾಸಿಗೆ ಹಂಚಿಕೊಳ್ಳುವುದು ಕೇವಲ ಕಲ್ಪನೆಯಲ್ಲ. ಕೈಗಾರಿಕಾ ನಗರಗಳ ಕಾರ್ಮಿಕರ ವಸತಿಗಳಲ್ಲಿ, ಜಲಾಂತರ್ಗಾಮಿ ನೌಕೆಗಳಲ್ಲಿ ಈ ಪದ್ಧತಿ ರೂಢಿಯಲ್ಲಿತ್ತು. ಬಡತನದ ಈ ಏರ್ಪಾಡನ್ನು ಪ್ರೇಮದ ಏರ್ಪಾಡಾಗಿ ಮಾಡಿದ್ದು ಲೇಖಕಿಯ ಜಾಣ್ಮೆ.

ಒಂದೇ ಬೀಜ, ಹಲವು ಬೆಳೆ

ಇದೇ ಸೂತ್ರವನ್ನು ಇತರ ಲೇಖಕಿಯರು ಬೇರೆ ಬೇರೆಯಾಗಿ ಬಳಸಿದ್ದಾರೆ. ಸ್ಲೋ ಬರ್ನ್‌ಗೆಂದೇ ಹೆಸರಾದ ಅಮೆರಿಕದ ಮರಿಯಾನಾ ಜಪಾಟಾ ಅವರ ‘ದಿ ವಾಲ್ ಆಫ್ ವಿನ್ನಿಪೆಗ್ ಅಂಡ್ ಮಿ’ (2016) ಕಾದಂಬರಿಯಲ್ಲಿ ಏಡನ್ ಕೆನಡಾ ಮೂಲದ ಫುಟ್‌ಬಾಲ್ ಆಟಗಾರ. ಅಮೆರಿಕದಲ್ಲಿ ಉಳಿಯಲು ಅವನಿಗೆ ಕಾಗದಪತ್ರ ಬೇಕು. ಅವನ ಸಹಾಯಕಿಯ ಕೆಲಸ ಬಿಟ್ಟ ವನೆಸಾಗೆ ವಿದ್ಯಾಭ್ಯಾಸದ ಸಾಲ ತೀರಬೇಕು. ಹೆಸರಿಗೊಂದು ಮದುವೆ ಮಾಡಿಕೊಂಡು ಒಂದೇ ಮನೆಯಲ್ಲಿ ಬೇರೆ ಬೇರೆಯಾಗಿ ಬದುಕುವ ಇವರಿಬ್ಬರ ನಡುವೆ ಸ್ನೇಹ ಕುದುರುವುದಕ್ಕೇ ನೂರಾರು ಪುಟ ಹಿಡಿಯುತ್ತದೆ.

ಸ್ಪೇನಿನ ಎಲೆನಾ ಅರ್ಮಾಸ್ ಅವರ ‘ದಿ ಅಮೆರಿಕನ್ ರೂಮ್‌ಮೇಟ್ ಎಕ್ಸ್‌ಪೆರಿಮೆಂಟ್’ (2022) ನ್ಯೂಯಾರ್ಕಿನ ಕಥೆ. ಎಂಜಿನಿಯರ್ ನೌಕರಿ ತೊರೆದು ಲೇಖಕಿಯಾಗಹೊರಟ ರೋಸಿಯ ಮನೆಯ ಚಾವಣಿ ಕುಸಿದು, ಆಕೆ ಗೆಳತಿಯ ಮನೆಗೆ ಬಂದಾಗ ಅಲ್ಲಿ ಗೆಳತಿಯ ಬಂಧು ಲೂಕಸ್ ಬೀಡುಬಿಟ್ಟಿರುತ್ತಾನೆ. ಅಲಿ ಹೇಜಲ್‌ವುಡ್ ಅವರ ‘ಅಂಡರ್ ಒನ್ ರೂಫ್’ (2022) ಕಿರುಕಾದಂಬರಿಯಲ್ಲಿ ಪರಿಸರ ಎಂಜಿನಿಯರ್ ಮಾರಾಗೆ ಗುರುವಿನಿಂದ ಅರ್ಧ ಮನೆ ಉಯಿಲಿನಲ್ಲಿ ಬರುತ್ತದೆ. ಉಳಿದರ್ಧದ ಒಡೆಯ ತೈಲ ಕಂಪನಿಯ ವಕೀಲ.

ಹತ್ತಿರವಿದ್ದವರೇ ಹತ್ತಿರದವರು

ಈ ಕಥೆಗಳು ನಂಬುವಂತಿರಲು ಸಮಾಜ ಮನೋವಿಜ್ಞಾನದ ಆಧಾರವೂ ಉಂಟು. ಲಿಯಾನ್ ಫೆಸ್ಟಿಂಜರ್, ಸ್ಟ್ಯಾನ್ಲಿ ಶಾಕ್ಟರ್ ಮತ್ತು ಕರ್ಟ್ ಬ್ಯಾಕ್ ಅಮೆರಿಕದ ಎಂಐಟಿ ವಿದ್ಯಾರ್ಥಿಗಳ ವಸತಿ ಸಮುಚ್ಚಯದಲ್ಲಿ ನಡೆಸಿ 1950ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾಗಿದೆ. ಪಕ್ಕದ ಮನೆಯವರಲ್ಲಿ ಶೇ 41ರಷ್ಟು ಮಂದಿ ಆಪ್ತರಾಗಿದ್ದರೆ, ಎರಡು ಮನೆ ಆಚೆಗಿನವರಲ್ಲಿ ಆ ಪ್ರಮಾಣ ಶೇ 22, ಮೊಗಸಾಲೆಯ ಆ ತುದಿಯವರಲ್ಲಿ ಶೇ 10. ಕೆಲವೇ ಮೀಟರುಗಳ ಅಂತರ ಸ್ನೇಹವನ್ನು ನಿರ್ಧರಿಸಿತ್ತು. ಪದೇ ಪದೇ ಕಂಡದ್ದು ಕ್ರಮೇಣ ಹಿತವೆನಿಸುತ್ತದೆ ಎಂದು ರಾಬರ್ಟ್ ಜಯಾಂಕ್ 1968ರಲ್ಲಿ ತೋರಿಸಿಕೊಟ್ಟರು.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವಿದೆ. ಕ್ಯಾಲಿಫೋರ್ನಿಯಾದ ವಸತಿ ಸಮುಚ್ಚಯದಲ್ಲಿ ನಡೆದು 1976ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದ ಪ್ರಕಾರ, ಜನ ದ್ವೇಷಿಸುವುದೂ ಹತ್ತಿರದವರನ್ನೇ. ನೆರೆಹೊರೆಯ ಗದ್ದಲ, ಕಸ, ವಾಹನ ನಿಲ್ಲಿಸುವ ಜಾಗ ಯಾವುದನ್ನೂ ದೂರದವನು ಕೆಡಿಸಲಾರ. ರೂಮ್‌ಮೇಟ್ ಕಾದಂಬರಿಯ ಮೊದಲ ಭಾಗ ಈ ಕಿರಿಕಿರಿಯನ್ನೇ ಬಂಡವಾಳ ಮಾಡಿಕೊಳ್ಳುತ್ತದೆ. ತೊಳೆಯದ ಪಾತ್ರೆ, ಫ್ರಿಜ್ಜಿನಲ್ಲಿ ಮಾಯವಾದ ಹಾಲು, ಬಚ್ಚಲಿನ ಸರದಿ ಇವೆಲ್ಲ ಜಗಳದ ಕಾರಣಗಳಾಗಿ ತೋರಿ, ಬಳಿಕ ಕಾಳಜಿಯ ಕುರುಹುಗಳಾಗಿ ಬದಲಾಗುತ್ತವೆ. ಬೇಗ ಏಳುವವರು ಇನ್ನೊಬ್ಬರಿಗೂ ಸೇರಿಸಿ ಚಹಾ ಮಾಡಿಟ್ಟ ದಿನ ಕಥೆ ತಿರುಗಿತೆಂದು ಓದುಗರಿಗೆ ತಿಳಿಯುತ್ತದೆ. ಹೂಗುಚ್ಛ, ದೀಪಾಲಂಕಾರದ ಭೋಜನ ಇವು ಪ್ರದರ್ಶನಕ್ಕೂ ಆಗಬಹುದು. ಯಾರೂ ನೋಡದಾಗ ಮಾಡಿಟ್ಟ ಚಹಾ ಪ್ರದರ್ಶನವಲ್ಲ.

ಸೋತರೆ ಮನೆಯೂ ಹೋಯಿತು

ಪ್ರೇಮಕಾದಂಬರಿಯ ರಚನೆಯನ್ನು ವಿಶ್ಲೇಷಿಸಿದ ವಿದ್ವಾಂಸೆ ಪಮೇಲಾ ರೆಜಿಸ್, 2003ರಲ್ಲಿ ಪ್ರಕಟವಾದ ತಮ್ಮ ಕೃತಿಯಲ್ಲಿ ಇಂಥ ಕಥೆಗಳಿಗೆ ಅನಿವಾರ್ಯವಾದ ಎಂಟು ಅಂಶಗಳನ್ನು ಗುರುತಿಸಿದ್ದಾರೆ. ಪ್ರೇಮಿಗಳ ನಡುವಿನ ಅಡ್ಡಿ ಅವುಗಳಲ್ಲೊಂದು. ಜಾತಿ, ಅಂತಸ್ತು, ಮನೆತನಗಳೆಂಬ ಹಳೆಯ ಅಡ್ಡಿಗಳು ಪಾಶ್ಚಾತ್ಯ ನಗರಗಳ ಕಥೆಗಳಲ್ಲಿ ಸಡಿಲಗೊಂಡಿವೆ. ಇಬ್ಬರು ವಯಸ್ಕರು ಪರಸ್ಪರ ಮೆಚ್ಚಿದರೆ ಹೇಳಿಕೊಳ್ಳಲು ತಡೆಯೇನು? ಈ ಪ್ರಶ್ನೆಗೆ ರೂಮ್‌ಮೇಟ್ ಕಥೆಯ ಬಳಿ ಬಲವಾದ ಉತ್ತರವಿದೆ. ಹೇಳಿಕೊಂಡು ಸೋತರೆ ಕಳೆದುಕೊಳ್ಳುವುದು ಪ್ರೀತಿಯೊಂದನ್ನೇ ಅಲ್ಲ, ತಲೆಯ ಮೇಲಿನ ಸೂರನ್ನೂ.

ಈ ಕಾದಂಬರಿಗಳು ಇಂದಿನ ಯುವ ಓದುಗರನ್ನು ತಟ್ಟುವುದಕ್ಕೆ ಇದೇ ಮುಖ್ಯ ಕಾರಣ. ಮಹಾನಗರಗಳಲ್ಲಿ ದುಡಿಯುವ ಯುವಜನರ ಸಂಬಳದ ದೊಡ್ಡ ಪಾಲು ಬಾಡಿಗೆಗೆ ಹೋಗುತ್ತದೆ. ಒಂಟಿಯಾಗಿ ಮನೆ ಹಿಡಿಯುವುದು ಹಲವರಿಗೆ ಅಸಾಧ್ಯ. ಅಪರಿಚಿತರೊಡನೆ ಅಡುಗೆಮನೆ ಹಂಚಿಕೊಳ್ಳುವುದು ಅವರಿಗೆ ಸಾಹಸವಲ್ಲ, ದಿನಚರಿ. ದುಬಾರಿ ಊರಿನ ಈ ಅನಿವಾರ್ಯತೆಯೊಳಗೂ ಒಳ್ಳೆಯದೊಂದು ಸಂಭವಿಸಬಹುದು ಎಂಬ ಭರವಸೆಯನ್ನು ಕಾದಂಬರಿ ನೀಡುತ್ತದೆ.

ತಾಳ್ಮೆಯೇ ಗೌರವ

ನಿಧಾನಕ್ಕೆ ಮತ್ತೊಂದು ಅರ್ಥವೂ ಇದೆ. ‘ದಿ ಫ್ಲ್ಯಾಟ್‌ಶೇರ್’ನ ಜಸ್ಟಿನ್ ಹೊಡೆಯುವವನಲ್ಲ, ಮಾತಿನಲ್ಲೇ ಟಿಫಿಯ ಆತ್ಮವಿಶ್ವಾಸವನ್ನು ಕರಗಿಸಿದವನು. ತನ್ನ ನೆನಪುಗಳನ್ನೇ ಆಕೆ ಅನುಮಾನಿಸುವಂತೆ ಮಾಡಿದವನು. ತಾನು ಅನುಭವಿಸಿದ್ದು ದೌರ್ಜನ್ಯವೆಂದು ಆಕೆಗೆ ಅರಿವಾಗಲು ಬಹಳ ಕಾಲ ಬೇಕಾಗುತ್ತದೆ. ಹಠಾತ್ತನೆ ಬಂದು ಮುತ್ತಿಕೊಳ್ಳುವ ಜಸ್ಟಿನ್‌ನ ‘ಪ್ರೀತಿ’ಯ ಎದುರು, ಕಾಯಲು ಸಿದ್ಧನಿರುವ ಲಿಯೊನ್‌ನ ಮೌನ ನಿಲ್ಲುತ್ತದೆ. ಇಲ್ಲಿ ವಿಳಂಬ ಓದುಗರನ್ನು ಕೆಣಕುವ ತಂತ್ರವಾಗಿ ಉಳಿಯದೆ, ಇನ್ನೊಬ್ಬರ ಸಮ್ಮತಿಗೆ ಸಲ್ಲಿಸುವ ಗೌರವವಾಗುತ್ತದೆ. ಮನೆಯೆಂದರೆ ಭಯವೆಂದು ಕಲಿತವಳಿಗೆ ಮನೆಯೆಂದರೆ ನೆಮ್ಮದಿ ಎಂದು ಮತ್ತೆ ಕಲಿಸುವ ಕಥೆಯಿದು.

ಮಿತಿಗಳೂ ಉಂಟು

ಎಲ್ಲ ಸ್ಲೋ ಬರ್ನ್‌ಗಳೂ ಈ ಎತ್ತರ ಮುಟ್ಟುವುದಿಲ್ಲ. ಒಂದು ಮಾತಿನಲ್ಲಿ ಬಗೆಹರಿಯಬಹುದಾದ ತಪ್ಪುತಿಳಿವಳಿಕೆಯನ್ನು ಇನ್ನೂರು ಪುಟ ಎಳೆಯುವ ಕಾದಂಬರಿಗಳು ಬಹಳ. ನಿಧಾನಕ್ಕೂ ಜಡತೆಗೂ ವ್ಯತ್ಯಾಸವಿದೆ. ಒಳ್ಳೆಯ ಕಥೆಯಲ್ಲಿ ಪ್ರತಿ ಅಧ್ಯಾಯದ ಕೊನೆಗೆ ಸಂಬಂಧ ಒಂದು ಹೆಜ್ಜೆಯಾದರೂ ಸರಿದಿರುತ್ತದೆ. ಕೆಟ್ಟ ಕಥೆಯಲ್ಲಿ ಗಡಿಯಾರ ಮಾತ್ರ ಸರಿಯುತ್ತದೆ. ಬಾಡಿಗೆಯ ಕಷ್ಟವನ್ನು ಮುದ್ದಾದ ಹಿನ್ನೆಲೆಯಾಗಿಸಿ, ಅಪರಿಚಿತರೊಡನೆ ಬದುಕುವ ನಿಜವಾದ ಅಪಾಯಗಳನ್ನು ಮರೆಮಾಚುವುದು ಇನ್ನೊಂದು ದೋಷ. ವಾಸ್ತವದಲ್ಲಿ ಬಾಗಿಲಿನ ಚಿಲಕ, ಬರವಣಿಗೆಯಲ್ಲಿರುವ ಕರಾರು, ತುರ್ತಿಗೆ ಒದಗುವ ಸ್ನೇಹಿತರು ಇವು ಪ್ರೇಮಕ್ಕಿಂತ ಮೊದಲು ಬೇಕಾದವು.

ಕನ್ನಡದ ಓದುಗರಿಗೆ ಈ ಕಥೆಗಳು ಅರ್ಧ ಪರಿಚಿತ, ಅರ್ಧ ಅಪರಿಚಿತ. ಬೆಂಗಳೂರಿನ ಪಿ.ಜಿ.ಗಳು ಸಾಮಾನ್ಯವಾಗಿ ಮಹಿಳೆಯರಿಗೂ ಪುರುಷರಿಗೂ ಪ್ರತ್ಯೇಕವಾಗಿರುವುದರಿಂದ, ಅಪರಿಚಿತ ಗಂಡು ಹೆಣ್ಣು ಮನೆ ಹಂಚಿಕೊಳ್ಳುವ ಸನ್ನಿವೇಶ ಇಲ್ಲಿ ಅಪರೂಪ. ಆದರೆ ಹೆಚ್ಚು ಪರಿಚಯವಿಲ್ಲದ ಇಬ್ಬರು ಮೊದಲು ಒಂದು ಮನೆ ಸೇರಿ, ಆನಂತರ ಪರಸ್ಪರರನ್ನು ಅರಿಯುತ್ತಾ ಹೋಗುವುದು ಹಿರಿಯರು ಕೂಡಿಸಿದ ಮದುವೆಗಳನ್ನು ಕಂಡ ಸಮಾಜಕ್ಕೆ ಹೊಸತೇನಲ್ಲ. ಭೇದವಿರುವುದು ಆಯ್ಕೆಯಲ್ಲಿ. ರೂಮ್‌ಮೇಟ್ ಕಥೆಯ ನಾಯಕಿ ಯಾವ ದಿನ ಬೇಕಾದರೂ ಪೆಟ್ಟಿಗೆ ಕಟ್ಟಿ ಹೊರಡಬಲ್ಲಳು. ಹೊರಡುವ ಸ್ವಾತಂತ್ರ್ಯವಿದ್ದೂ ಆಕೆ ಉಳಿಯುತ್ತಾಳೆ ಎಂಬುದರಲ್ಲೇ ಆ ಪ್ರೀತಿಯ ಬೆಲೆಯಿದೆ.

ಈ ಪ್ರಕಾರವನ್ನು ಹೊಸದಾಗಿ ಓದಬಯಸುವವರು ‘ದಿ ಫ್ಲ್ಯಾಟ್‌ಶೇರ್’ನಿಂದ ಆರಂಭಿಸುವುದು ಒಳಿತು. ಸಾವಧಾನ ಇಷ್ಟಪಡುವವರು ಬಳಿಕ ಜಪಾಟಾ ಅವರತ್ತ ಹೊರಳಬಹುದು. ಸಮಯ ಕಡಿಮೆಯಿರುವವರಿಗೆ ಒಂದೆರಡು ಸಂಜೆಗಳಲ್ಲಿ ಮುಗಿಯುವ ‘ಅಂಡರ್ ಒನ್ ರೂಫ್’ ಇದೆ.