ಗ್ಲುಕಗಾನ್

ಮೇದೋಜೀರಕ ಗ್ರಂಥಿಯಲ್ಲಿ ಚದುರಿರುವ ಲ್ಯಾಂಗರ್‌ಹ್ಯಾನ್ಸ್ ಕಿರುದ್ವೀಪಗಳ ಆಲ್ಫಾ ಕೋಶಗಳು ಸ್ರವಿಸುವ ಹಾರ್ಮೋನು. 29 ಅಮೈನೊ ಆಮ್ಲಗಳ ಒಂದೇ ಸರಪಣಿ. ರಕ್ತದ ಸಕ್ಕರೆ ಇಳಿದಾಗ ಅದನ್ನು ಏರಿಸುವುದು ಇದರ ಮುಖ್ಯ ಕೆಲಸ. ಮಧುಮೇಹವೆಂದರೆ ಇನ್ಸುಲಿನ್ ಕೊರತೆ ಎಂದಷ್ಟೇ ಹೇಳಿ ಮುಗಿಸುವ ರೂಢಿ ಇನ್ನೂ ಇದೆ. ಗ್ಲುಕಗಾನನ್ನು ಬಿಟ್ಟರೆ ಆ ವಿವರಣೆ ಅರ್ಧಕ್ಕೇ ನಿಲ್ಲುತ್ತದೆ.

ಕಾರ್ಯ

ರಾತ್ರಿ ನಿದ್ದೆಯಲ್ಲಿ, ಉಪವಾಸದಲ್ಲಿ ಮಿದುಳಿಗೆ ಬೇಕಾದ ಗ್ಲೂಕೋಸನ್ನು ಮುಖ್ಯವಾಗಿ ಯಕೃತ್ತು ಒದಗಿಸುತ್ತದೆ. ಗ್ಲುಕಗಾನಿನ ಪ್ರಭಾವದಿಂದ ಮೊದಲು ಅಲ್ಲಿ ಕೂಡಿಟ್ಟ ಗ್ಲೈಕೊಜೆನ್ ಒಡೆಯುತ್ತದೆ. ಆ ದಾಸ್ತಾನು ತಗ್ಗಿದಂತೆ ಅಮೈನೊ ಆಮ್ಲ, ಲ್ಯಾಕ್ಟೇಟ್‌ಗಳಿಂದ ಹೊಸ ಗ್ಲೂಕೋಸ್ ತಯಾರಾಗುತ್ತದೆ. ಪ್ರೋಟೀನ್ ಹೆಚ್ಚಿರುವ ಊಟ ಮಾಡಿದಾಗ ಇನ್ಸುಲಿನ್ ಜೊತೆಗೆ ಗ್ಲುಕಗಾನೂ ಏರುವುದರಿಂದ ಸಕ್ಕರೆ ಕುಸಿಯುವುದಿಲ್ಲ.

ಸಂಶೋಧನೆ

ಇನ್ಸುಲಿನ್ ಬಳಕೆಗೆ ಬಂದ ಹೊಸತರಲ್ಲಿ, ಮೇದೋಜೀರಕದ ಸಾರವನ್ನು ಚುಚ್ಚಿದಾಗ ಸಕ್ಕರೆ ಇಳಿಯುವ ಮೊದಲು ಸ್ವಲ್ಪ ಹೊತ್ತು ಏರುತ್ತಿದ್ದುದು ಕಂಡುಬಂದಿತ್ತು. ಅಮೆರಿಕದ ರಾಚೆಸ್ಟರ್‌ನಲ್ಲಿ ಕಿಂಬಲ್ ಮತ್ತು ಮರ್ಲಿನ್ 1923ರಲ್ಲಿ ಇದಕ್ಕೆ ಕಾರಣವಾದ ವಸ್ತುವನ್ನು ಗುರುತಿಸಿ ಹೆಸರಿಟ್ಟರು. ಆದರೂ ಬಹುಕಾಲ ಅದನ್ನು ಇನ್ಸುಲಿನ್ನಿನಲ್ಲಿ ಉಳಿದ ಕಲ್ಮಶವೆಂದೇ ಎಣಿಸಲಾಯಿತು. ಇಲೈ ಲಿಲ್ಲಿ ಸಂಸ್ಥೆಯ ವಿಜ್ಞಾನಿಗಳು 1953ರಲ್ಲಿ ಶುದ್ಧ ಹರಳುಗಳನ್ನು ಪಡೆದರು.

ಇದೇ ಹಾರ್ಮೋನಿನ ಅಧ್ಯಯನದಿಂದ ಕೋಶವಿಜ್ಞಾನದ ದಿಕ್ಕೇ ಬದಲಾಯಿತು. ಅರ್ಲ್ ಸದರ್‌ಲ್ಯಾಂಡ್ ಮತ್ತು ರಾಲ್ ಯಕೃತ್ತಿನ ಅಂಗಾಂಶವನ್ನು ಅರೆದು, ಯಂತ್ರದಲ್ಲಿ ಗಿರಗಿರನೆ ತಿರುಗಿಸಿ ಕಣಗಳನ್ನೂ ತಿಳಿಯನ್ನೂ ಬೇರ್ಪಡಿಸಿದರು. ಗ್ಲೈಕೊಜೆನ್ ಒಡೆಯುವ ಕಿಣ್ವ ತಿಳಿಯಲ್ಲಿತ್ತು; ಆದರೆ ಬರೀ ತಿಳಿಗೆ ಗ್ಲುಕಗಾನ್ ಹಾಕಿದರೆ ಏನೂ ಆಗಲಿಲ್ಲ. ಕಣಗಳಿಗೆ ಗ್ಲುಕಗಾನನ್ನೂ ಕೋಶಕ್ಕೆ ಶಕ್ತಿಯೊದಗಿಸುವ ಅಣುವಾದ ಎಟಿಪಿಯನ್ನೂ ಸೇರಿಸಿಟ್ಟು, ಆಮೇಲೆ ಅದನ್ನು ಕುದಿಸಿ, ಆ ದ್ರವವನ್ನು ತಿಳಿಗೆ ಬೆರೆಸಿದಾಗ ಕಿಣ್ವ ಚುರುಕಾಯಿತು. ಕುದಿಸಿದರೂ ಕೆಡದ ಆ ವಸ್ತುವೇ ಸೈಕ್ಲಿಕ್ ಎಎಂಪಿ. ಹಾರ್ಮೋನು ಕೋಶದ ಹೊರಪೊರೆಯಲ್ಲೇ ಉಳಿದು, ಒಳಗೆ ಬೇರೊಂದು ಅಣುವಿನ ಮೂಲಕ ಕೆಲಸ ಮಾಡಿಸುತ್ತದೆಂಬುದು ಹೀಗೆ ತಿಳಿಯಿತು. ಸದರ್‌ಲ್ಯಾಂಡ್‌ಗೆ 1971ರ ನೊಬೆಲ್ ಬಂತು. ಮುಂದೆ, ಹಾರ್ಮೋನಿನ ಸಂದೇಶವನ್ನು ಕೋಶದೊಳಕ್ಕೆ ದಾಟಿಸುವ ಜಿ-ಪ್ರೋಟೀನುಗಳ ಶೋಧಕ್ಕೆ ಮಾರ್ಟಿನ್ ರಾಡ್‌ಬೆಲ್ ಬಳಸಿದ್ದೂ ಗ್ಲುಕಗಾನನ್ನೇ.

ಮಧುಮೇಹದಲ್ಲಿ

ಆರೋಗ್ಯವಂತರಲ್ಲಿ ಅನ್ನ, ರೊಟ್ಟಿಯಂಥ ಊಟದ ನಂತರ ಗ್ಲುಕಗಾನ್ ಇಳಿಯುತ್ತದೆ. ಟೈಪ್ 2 ಮಧುಮೇಹದಲ್ಲಿ ಅದು ಸಾಮಾನ್ಯವಾಗಿ ಇಳಿಯದೆ, ಯಕೃತ್ತು ಗ್ಲೂಕೋಸನ್ನು ಬಿಡುತ್ತಲೇ ಇರುತ್ತದೆ. ಇಲ್ಲಿ ಎರಡು ಹಾರ್ಮೋನುಗಳ ದೋಷವಿದೆಯೆಂದು ರೋಜರ್ ಅಂಗರ್ ಮತ್ತು ಒರ್ಚಿ 1975ರಲ್ಲಿ ವಾದಿಸಿದರು. ಗ್ಲುಕಗಾನಿಗೆ ಸ್ಪಂದಿಸುವ ರಿಸೆಪ್ಟರ್ ಇಲ್ಲದ ಇಲಿಗಳಲ್ಲಿ ಇನ್ಸುಲಿನ್ ಸ್ರವಿಸುವ ಬೀಟಾ ಕೋಶಗಳನ್ನು ನಾಶಮಾಡಿದರೂ ಸಕ್ಕರೆ ಏರಲಿಲ್ಲವೆಂಬ 2011ರ ಪ್ರಯೋಗ ಈ ವಾದಕ್ಕೆ ಬಲ ತಂದಿತು. ಇನ್ಸುಲಿನ್ ಬಹುತೇಕ ಪೂರ್ತಿ ನಿಂತ ಇಲಿಗಳಲ್ಲಿ ಈ ರಕ್ಷಣೆ ಮುಂದೆ ಕಂಡುಬರಲಿಲ್ಲವಾದ್ದರಿಂದ, ಗ್ಲುಕಗಾನನ್ನೇ ಮೂಲಕಾರಣವೆನ್ನುವುದು ಅವಸರವಾದೀತು.

ಟೈಪ್ 1ರಲ್ಲಿ ತೊಂದರೆ ಇಮ್ಮುಖ. ಊಟದ ನಂತರ ಬೇಡದ ಗ್ಲುಕಗಾನ್ ಸ್ರವಿಸುತ್ತದೆ. ಲೋ ಶುಗರ್ ಆದಾಗ, ಅತ್ಯಗತ್ಯವಾದ ಹೊತ್ತಿನಲ್ಲೇ, ಬರುವುದಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದು ಪ್ರಾಣದ ಪ್ರಶ್ನೆ.

ಚಿಕಿತ್ಸೆ

ಸಕ್ಕರೆ ತೀರಾ ಇಳಿದು ಎಚ್ಚರ ತಪ್ಪಿದವರಿಗೆ ಬಾಯಿಗೆ ಏನನ್ನೂ ಹಾಕಬಾರದು. ವಯಸ್ಕರಿಗೆ 1 ಮಿಲಿಗ್ರಾಂ ಗ್ಲುಕಗಾನ್ ಚುಚ್ಚುಮದ್ದು ಕೊಡುತ್ತಾರೆ. ವಾಂತಿಯಾಗುವ ಸಂಭವವಿರುವುದರಿಂದ ಮಗ್ಗುಲಾಗಿ ಮಲಗಿಸಬೇಕು. ಮೂಗಿಗೆ ಊದುವ 3 ಮಿಲಿಗ್ರಾಂ ಪುಡಿಗೆ 2019ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ದೀರ್ಘ ಉಪವಾಸದಿಂದಲೋ ಮದ್ಯಪಾನದಿಂದಲೋ ಯಕೃತ್ತಿನ ಗ್ಲೈಕೊಜೆನ್ ಬರಿದಾಗಿದ್ದರೆ ಇದು ಹೆಚ್ಚು ಫಲ ಕೊಡದು. ಆಗ ರಕ್ತನಾಳಕ್ಕೆ ನೇರವಾಗಿ ಗ್ಲೂಕೋಸ್ ಕೊಡಬೇಕಾಗುತ್ತದೆ.